ನಮಗೆ ಕೂಟ ಬೇಕು, ಅವರಿಗೆ ಯಾಕೆ ಬೇಡ?

ಕನ್ನಡ ಕೂಟದ ಕಾರ್ಯಕ್ರಮ ಮುಗಿದು ಕುರ್ಚಿ ಮಡಚಿ ಇಡುತ್ತಿದ್ದೆವು. ಹಿರಿಯರೊಬ್ಬರು ಕೇಳಿದರು: "ನಿಮ್ಮ ಯೂನಿವರ್ಸಿಟೀಲಿ ಕಪ್ಪು ಹುಡುಗರಿಗೆ ಬೇರೆ ಸಂಘ, ಮೆಕ್ಸಿಕೋ ಕಡೆಯವರಿಗೆ ಬೇರೆ ಸಂಘ ಇದೆಯಂತಲ್ಲ. ಹೀಗೆ ಬೇರೆ ಬೇರೆ ಕೂತ್ಕೊಂಡ್ರೆ ಎಲ್ಲರ ಜೊತೆ ಬೆರೆಯೋದು ಯಾವಾಗ?" ಕೇಳಿದವರು ಕೂಟದ ಮಾಜಿ ಅಧ್ಯಕ್ಷರು. ಅಮೆರಿಕಕ್ಕೆ ಬಂದಿಳಿದ ತಿಂಗಳಲ್ಲೇ ಕನ್ನಡದವರು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋದವರು. ನಗು ಬಂತು, ಆದರೆ ನಗಲಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ.

ಇಂಥ ಸಂಘಗಳಿಗೆ ಇಲ್ಲಿ ಅಫಿನಿಟಿ ಗ್ರೂಪ್ ಅನ್ನುತ್ತಾರೆ. ತಮ್ಮಂಥವರು ಬೆರಳೆಣಿಕೆಯಷ್ಟೇ ಇರುವ ಕಾಲೇಜಿನಲ್ಲಿ ಒಂದೇ ಹಿನ್ನೆಲೆಯ ವಿದ್ಯಾರ್ಥಿಗಳು ಆಗಾಗ ಸೇರುವ ಜಾಗ. ಅದು ಯಾಕೆ ಬೇಕು ಅಂತ ನನಗೆ ಗೊತ್ತಾಗಿದ್ದು ನನ್ನದೇ ಲ್ಯಾಬ್‌ನಲ್ಲಿ. ನಾನು ಎಂಜಿನಿಯರಿಂಗ್ ಪಾಠ ಮಾಡುವವನು. "ಮೂರು ಮೂರು ಜನರ ತಂಡ ಮಾಡಿಕೊಳ್ಳಿ" ಎಂದು ಹೇಳಿ ಬೋರ್ಡ್ ಕಡೆ ತಿರುಗುತ್ತಿದ್ದೆ. ಎರಡು ನಿಮಿಷ ಸ್ಟೂಲ್ ಎಳೆಯುವ ಸದ್ದು. ಮತ್ತೆ ಈ ಕಡೆ ತಿರುಗಿದರೆ ಒಬ್ಬಳು ಬ್ಯಾಗಿನ ಜಿಪ್ ತೆಗೆದು ಏನೋ ಹುಡುಕುತ್ತಿರುತ್ತಿದ್ದಳು. ಮುಂದಿನ ವಾರವೂ ಅದೇ ಜಿಪ್, ಅದೇ ಹುಡುಕಾಟ. ಬ್ಯಾಚಿನಲ್ಲಿ 25 ಜನ. ಎಂಟು ತಂಡ ಆದ ಮೇಲೆ ಒಬ್ಬರು ಉಳಿಯಲೇಬೇಕು, ಸರಿ. ಪ್ರತಿ ವಾರ ಅವಳೇ ಉಳಿಯಬೇಕು ಅಂತ ಯಾವ ಲೆಕ್ಕವೂ ಹೇಳುವುದಿಲ್ಲ, ಅಲ್ವಾ? ಬ್ಯಾಚಿಗೆ ಅವಳೊಬ್ಬಳೇ ಕಪ್ಪು ಹುಡುಗಿ. ಯಾರೂ ಅವಳನ್ನು ಬೇಡ ಅಂದಿರಲಿಲ್ಲ. ಬಾ ಅಂತಲೂ ಅಂದಿರಲಿಲ್ಲ. ತಂಡ ಮಾಡುವ ಕೆಲಸವನ್ನು ಅವರಿಗೇ ಬಿಟ್ಟವನು ನಾನು. ಅದು ತಪ್ಪು ಅಂತ ಹೊಳೆಯಲು ನನಗೆ ಅರ್ಧ ಸೆಮಿಸ್ಟರ್ ಬೇಕಾಯಿತು.

1971ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಇಬ್ಬರು ಕಪ್ಪು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥದ್ದೇ ಒಂದು ಸಂಘ ಕಟ್ಟಿದರು. ಆಗ ಅಲ್ಲಿ ಎಂಜಿನಿಯರಿಂಗ್‌ಗೆ ಸೇರಿದ ಕಪ್ಪು ವಿದ್ಯಾರ್ಥಿಗಳಲ್ಲಿ 100ಕ್ಕೆ 80 ಜನ ನಡುವೆಯೇ ಬಿಟ್ಟು ಹೋಗುತ್ತಿದ್ದರಂತೆ. 1975ರಲ್ಲಿ ಅದು ರಾಷ್ಟ್ರಮಟ್ಟದ ಸಂಘವಾಯಿತು.

ಆದರೆ ಸುಮ್ನೆ ಜೊತೆಗೆ ಕೂತರೆ ಏನೂ ಆಗುವುದಿಲ್ಲ. ಕೂತು ಏನು ಮಾಡುತ್ತಾರೆ ಅನ್ನುವುದೇ ಮುಖ್ಯ. ಈ ಮಾತಿಗೆ ನಾನು ಗಣಿತಜ್ಞ ಯೂರಿ ಟ್ರೀಸ್ಮನ್ ಅವರ ಕೆಲಸವನ್ನು ಆಧಾರ ಮಾಡಿಕೊಳ್ಳುತ್ತೇನೆ. 1970ರ ದಶಕದಲ್ಲಿ ಅವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿನ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಯಾಕೆ ಹಿಂದೆ ಬೀಳುತ್ತಾರೆ ಅನ್ನುವುದಕ್ಕೆ ಮೇಷ್ಟ್ರುಗಳ ಹತ್ತಿರ ಉತ್ತರ ರೆಡಿ ಇತ್ತು. ಓದುವ ಮನಸ್ಸಿಲ್ಲ, ತಳಪಾಯ ಗಟ್ಟಿಯಿಲ್ಲ, ಮನೆಯವರ ಬೆಂಬಲ ಇಲ್ಲ. ಟ್ರೀಸ್ಮನ್ 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಹತ್ತಿರದಿಂದ ಗಮನಿಸಿದರು. ಮೇಷ್ಟ್ರುಗಳ ಉತ್ತರ ಒಂದೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಹೆಚ್ಚಿನವರು ಒಬ್ಬೊಬ್ಬರೇ. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಮಾಡಿ, ಆಮೇಲೆ ಗುಂಪಿನಲ್ಲಿ ಕೂತು ಉತ್ತರ ತಾಳೆ ನೋಡುತ್ತಿದ್ದರು. ಎಲ್ಲರಿಗೂ ತಪ್ಪಿದ ಲೆಕ್ಕ ಕಷ್ಟದ್ದು ಅಂತ ಗುಂಪಿಗೆ ಗೊತ್ತಾಗುತ್ತದೆ. ಒಬ್ಬನೇ ಕೂತವನಿಗೆ ತಾನೇ ದಡ್ಡ ಅನ್ನಿಸುತ್ತದೆ. ಟ್ರೀಸ್ಮನ್ ಶುರು ಮಾಡಿದ ಸಂಜೆಯ ಕೂಟಗಳಲ್ಲಿ ಹಿಂದುಳಿದವರಿಗೆ ಟ್ಯೂಷನ್ ಅನ್ನುವ ಬೋರ್ಡ್ ಇರಲಿಲ್ಲ. ಕ್ಲಾಸಿನದ್ದಕ್ಕಿಂತ ಕಷ್ಟದ ಲೆಕ್ಕ ಕೊಟ್ಟರು. ಹುಡುಗರು ಗೆದ್ದರು.

ಇಲ್ಲಿನ ಎಷ್ಟೋ ಸಂಘಗಳು ಇದನ್ನು ಮರೆತಿವೆ ಅನ್ನಿಸುತ್ತದೆ. ಟೀ ಶರ್ಟ್, ಗ್ರೂಪ್ ಫೋಟೊ, ವರ್ಷಕ್ಕೊಂದು ಭಾಷಣ. ನಮ್ಮ ಕೂಟಗಳನ್ನೇ ನೋಡಿದ ಹಾಗೆ ಆಗುತ್ತದೆ! ಜೊತೆಗೆ ವಿಶ್ವವಿದ್ಯಾಲಯದ ಕಚೇರಿಯ ನೆರಳಲ್ಲೇ ಬೆಳೆದ ಸಂಘಗಳ ಗತಿ ಈಗ ಕಾಣಿಸುತ್ತಿದೆ. 2024ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯಂತೆ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯದ ಹೆಸರಿನ ಕಚೇರಿಗಳು ಇರುವಂತಿಲ್ಲ. ವಿದ್ಯಾರ್ಥಿಗಳೇ ನಡೆಸುವ ಸಂಘಗಳಿಗೆ ಮಾತ್ರ ಆ ಕಾಯ್ದೆಯಲ್ಲಿ ವಿನಾಯಿತಿ ಇದೆ.

ಇದೆಲ್ಲ ಅಮೆರಿಕದವರ ಹೊಸ ಐಡಿಯಾ ಅಂದುಕೊಳ್ಳಬೇಡಿ. ಸಮಾಜ ಸುಧಾರಕ ಕುದ್ಮುಲ್ ರಂಗರಾವ್ 1897ರಲ್ಲೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಸಂಸ್ಥೆ ಕಟ್ಟಿದ್ದರು. ನಮ್ಮ ಅಫಿನಿಟಿ ಗ್ರೂಪ್ ಅಂದರೆ ಹಾಸ್ಟೆಲ್. ಕವಿ ಸಿದ್ಧಲಿಂಗಯ್ಯ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್‌ನಲ್ಲಿದ್ದು ಓದಿದವರು. ಮಂತ್ರಿ ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದಿದ್ದಕ್ಕೆ ಎದ್ದ 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದವರಲ್ಲೂ ತಿರುಗಿ ನಿಂತವರಲ್ಲೂ ಹಾಸ್ಟೆಲ್ ಹುಡುಗರಿದ್ದರು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಅದರ ಬೆನ್ನಿಗೇ. ಅವರು ಹಾಸ್ಟೆಲ್‌ಗೆ ಬಂದಿದ್ದು ನಾವು ಇಂಥವರು ಅಂತ ಸಾರುವುದಕ್ಕಲ್ಲ. ಮಲಗಲು ಜಾಗ, ಎರಡು ಹೊತ್ತಿನ ಊಟ ಬೇಕಿತ್ತು. ಗೆಳೆತನ ಆಮೇಲೆ ತಾನಾಗಿ ಬಂತು. ಬಲಿಷ್ಠ ಜಾತಿಗಳಿಗೂ ಹಾಸ್ಟೆಲ್ ಇವೆ ಅನ್ನುವುದು ಬೇರೆ ಮಾತು. ಅವರನ್ನು ಮಾತ್ರ "ಬೆರೆಯೋದು ಯಾವಾಗ" ಅಂತ ಯಾರೂ ಕೇಳುವುದಿಲ್ಲ.

ಹಾಗಂತ ಇಲ್ಲಿನ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಹೋಗಿ ನಮ್ಮ ಕಾಲೇಜುಗಳಲ್ಲಿ ಇಟ್ಟರೆ ಕೆಲಸ ಮಾಡುವುದಿಲ್ಲ. ನನ್ನ ಲ್ಯಾಬಿನ ಹುಡುಗಿ ಸಂಘಕ್ಕೆ ಹೋದರೆ ಅವಳ ಬಗ್ಗೆ ಹೊಸದೇನೂ ಬಯಲಾಗುವುದಿಲ್ಲ. ಮೊದಲ ದಿನವೇ ಎಲ್ಲರಿಗೂ ಕಂಡಿರುತ್ತದೆ. ನಮ್ಮಲ್ಲಿ ಜಾತಿ ಮುಖದಲ್ಲಿ ಕಾಣುವುದಿಲ್ಲ, ಹಾಗಾಗಿ "ನಿನ್ನ ರ್‍ಯಾಂಕ್ ಎಷ್ಟು?" ಅಂತ ಕೇಳಿ, ಮೀಸಲಾತಿ ಸೀಟೋ ಅಲ್ಲವೋ ಎಂದು ಲೆಕ್ಕ ಹಾಕಿ ಪತ್ತೆ ಮಾಡುತ್ತಾರೆ. ಅಪ್ಪನ ಹೆಸರಿನ ಇನಿಷಿಯಲ್ ಹಿಂದೆ ಬಚ್ಚಿಟ್ಟುಕೊಂಡು ನಾಲ್ಕು ವರ್ಷ ಕಳೆಯುವವನಿಗೆ ಸಂಘದ ಬಾಗಿಲು ದಾಟುವುದೆಂದರೆ ತಾನೇ ಬಾಯಿಬಿಟ್ಟು ಹೇಳಿದಂತೆ. ಕಾಲೇಜುಗಳಲ್ಲಿ ಸಮಾನ ಅವಕಾಶ ಕೋಶ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತು. ಇರಲಿ. ಆದರೆ ಅಂಥ ಕೋಶಕ್ಕೆ ಹುಡುಗರು ಹೋಗುವುದು ಏಟು ಬಿದ್ದ ಮೇಲೆ, ದೂರು ಕೊಡಲು.

ಹಾಗಾಗಿ ನನಗೆ ಕಾಣುವ ಬಾಗಿಲು ಸಂಜೆಯ ಲೆಕ್ಕದ ಕೂಟ. ಕನ್ನಡ ಮೀಡಿಯಂನಿಂದ ಬಂದವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಅನ್ನುವ ಹೆಸರಿನಲ್ಲಿ ಕರೆಯಬಹುದು. ಯಾರೂ ಜಾತಿ ಹೇಳಬೇಕಿಲ್ಲ. ಜಾತಿಯ ಮಾತೇ ಎತ್ತದೆ ನುಣುಚಿಕೊಳ್ಳುವುದಕ್ಕೂ ಇದೇ ದಾರಿ ಆಗಬಹುದು, ಆ ಅಪಾಯ ನನಗೆ ಗೊತ್ತು. ಅದಕ್ಕೇ ದಲಿತ ವಿದ್ಯಾರ್ಥಿ ಸಂಘಗಳೂ ಇರಲಿ ಅನ್ನುತ್ತೇನೆ. ಧೈರ್ಯ ಇನ್ನೂ ಬಾರದವನಿಗೆ ಅಷ್ಟರತನಕ ಒಂದು ಬೆಂಚಾದರೂ ಬೇಕಲ್ಲ.

ಈಗ ಲ್ಯಾಬ್‌ನಲ್ಲಿ ತಂಡಗಳನ್ನು ನಾನೇ ಮಾಡುತ್ತೇನೆ. ಆ ಹುಡುಗಿ ಮಂಗಳವಾರ ಸಂಜೆ ತನ್ನ ಸಂಘದ ಮೂವರ ಜೊತೆ ಹೋಮ್‌ವರ್ಕ್ ಮಾಡಲು ಶುರು ಮಾಡಿದಳು. ಮೊದಲೆಲ್ಲ ಡೌಟ್ ಕೇಳುವಾಗ "ಸಾರಿ, ನನಗೆ ಅರ್ಥವಾಗಲಿಲ್ಲ" ಎಂದೇ ಬರುತ್ತಿದ್ದಳು. ಸೆಮಿಸ್ಟರ್ ಕೊನೆಯಲ್ಲಿ ಒಂದು ದಿನ ಬಂದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟಳು. "ನಾವು ನಾಲ್ಕೂ ಜನ ಬೇರೆ ಬೇರೆಯಾಗಿ ಮಾಡಿ ನೋಡಿದೆವು. ಪ್ರಶ್ನೆಯೇ ತಪ್ಪಿರಬೇಕು" ಅಂದಳು. ನೋಡಿದೆ. ಎರಡನೇ ಸಾಲಿನಲ್ಲಿ ನಾನು ಮೈನಸ್ ಚಿಹ್ನೆ ಬಿಟ್ಟಿದ್ದೆ.