ಹವಳ ನೋಡಲು ಹೋಗುವವರು ಮೊದಲು ತೇಲುವುದು ಕಲಿಯಿರಿ

ಮಾಲ್ಡೀವ್ಸ್‌ನಲ್ಲಿ ಸಮುದ್ರದೊಳಗೆ ಇಳಿದು ಹವಳ ನೋಡಿದ ಫೋಟೋ ಹಾಕಿದ ಮೇಲೆ ನನ್ನ ಇನ್‌ಬಾಕ್ಸ್ ತುಂಬಿಹೋಗಿದೆ. ಪ್ಯಾಕೇಜ್ ಎಷ್ಟು? ಎಷ್ಟು ದಿನ? ಈಜು ಬರದಿದ್ದರೂ ನಡೆಯುತ್ತಾ? ಮಂಡ್ಯದ ಗೆಳೆಯರು, ಮೈಸೂರಿನ ನೆಂಟರು, ಅಂಗಡಿಗೆ ಮೋಟಾರ್ ತರುವ ರೈತರ ಮಕ್ಕಳು, ಎಲ್ಲರೂ ಕೇಳಿದ್ದಾರೆ. ಒಬ್ಬೊಬ್ಬರಿಗೇ ಬರೆಯುವ ಬದಲು ಇಲ್ಲೇ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ. ದುಡ್ಡಿನ ಮಾತು ಆಮೇಲೆ. ಅದಕ್ಕೆ ಮುಂಚೆ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಐದು ವರ್ಷದ ಹಿಂದೆ ಒಂದು ಕಡಲತೀರದ ಊರಲ್ಲಿ ಮೊದಲ ಸಲ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಡೈವಿಂಗ್, ಮಾಡಿದೆ. ಹತ್ತು ನಿಮಿಷ ಏನೋ ಹೇಳಿಕೊಟ್ಟರು, ಸಿಲಿಂಡರ್ ಕಟ್ಟಿದರು, ನೀರಿಗೆ ಇಳಿಸಿದರು. ಒಬ್ಬ ಹುಡುಗ ಹಿಂದಿನಿಂದ ನನ್ನ ಸಿಲಿಂಡರ್ ಹಿಡಿದು ತಳ್ಳಿಕೊಂಡು ಹೋದ. ತಳದಲ್ಲಿ ಒಂದು ಕಡೆ ನಿಲ್ಲಿಸಿ, ಫೋಟೋಗೆ ಕೈ ಆಡಿಸು ಅಂತ ಸನ್ನೆ ಮಾಡಿದ. ನಾನು ನಿಂತಿದ್ದು ಹವಳದ ಮೇಲೆ. ಕಾಲ ಕೆಳಗೆ ಏನೋ ಮುರಿದಿದ್ದು ಗೊತ್ತಾಯಿತು. ಒಣಗಿದ ತೊಗರಿ ಕಡ್ಡಿ ತುಳಿದ ಹಾಗೆ. ಕಲ್ಲಿನ ಚೂರು ಅಂದುಕೊಂಡೆ. ನಗುತ್ತಾ ಫೋಟೋ ತೆಗೆಸಿಕೊಂಡೆ. ಆ ಫೋಟೋಗೆ ನೀವೆಲ್ಲ ಲೈಕ್ ಒತ್ತಿದ್ದಿರಿ. ಅದನ್ನು ನಾನೇ ಡಿಲೀಟ್ ಮಾಡಿದ್ದೇನೆ.

ಹವಳ ಕಲ್ಲಲ್ಲ ಅಂತ ಹೇಳಿಕೊಟ್ಟವಳು ನನ್ನ ಮಗಳು. ಅವಳು ನನಗಿಂತ ಮುಂಚೆ ಡೈವಿಂಗ್ ಕೋರ್ಸ್ ಮುಗಿಸಿದವಳು. ಆ ಫೋಟೋ ನೋಡಿ ಅವಳು ಬೈಯಲಿಲ್ಲ. "ಅಪ್ಪ, ಅದು ಜೀವ ಇರೋದು" ಅಂದಳು, ಅಷ್ಟೇ. ಪುಟ್ಟ ಪುಟ್ಟ ಜೀವಿಗಳು ಒಟ್ಟಿಗೆ ಸೇರಿ ತಮ್ಮ ಮೈಯಿಂದ ಸುಣ್ಣ ಕಟ್ಟಿಕೊಂಡು ಬೆಳೆಯುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತೆ. ಅದು ಬಿಸಿಲಲ್ಲಿ ಅಡುಗೆ ಮಾಡಿ ಹವಳಕ್ಕೆ ಉಣಿಸುತ್ತೆ. ಬಣ್ಣವೂ ಬಹುಪಾಲು ಆ ಪಾಚಿಯದೇ. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ದೊಡ್ಡದಾಗುತ್ತೆ. ಮೂರಡಿ ಎತ್ತರದ ಒಂದು ಗುಂಡು ಹವಳ ಅಂದರೆ, ಕನ್ನಂಬಾಡಿ ಕಟ್ಟೆ ಏಳುವ ಕಾಲಕ್ಕೆ ಅದು ಹುಟ್ಟಿದ್ದಿರಬಹುದು. ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಅದನ್ನು ನಾನು ಫೋಟೋಗಾಗಿ ತುಳಿಯಬಹುದಾ?

ಅವತ್ತೇ ತೀರ್ಮಾನ ಮಾಡಿದೆ. ಕಲಿತೇ ಇಳಿಯಬೇಕು, ಇಲ್ಲದಿದ್ದರೆ ಇಳಿಯಬಾರದು.

ನನ್ನದು ಸಬ್‌ಮರ್ಸಿಬಲ್ ಪಂಪ್ ಇಳಿಸುವ, ರಿಪೇರಿ ಮಾಡುವ ಕೆಲಸ ಅಂತ ನಿಮಗೆ ಗೊತ್ತು. ದಿನ ಬೆಳಗಾದರೆ ಅಡಿ ಲೆಕ್ಕ, ಪ್ರೆಶರ್ ಲೆಕ್ಕ. ಹತ್ತು ಮೀಟರ್ ಹೆಡ್‌ಗೆ, ಅಂದರೆ ಅಷ್ಟು ಎತ್ತರದ ನೀರಿಗೆ, ಒಂದು ಕೆಜಿ ಪ್ರೆಶರ್. ಡೈವಿಂಗ್ ಪಾಠದಲ್ಲೂ ಮೊದಲು ಹೇಳಿದ್ದು ಇದನ್ನೇ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡು ಪಟ್ಟು. ಮೂವತ್ತು ಮೀಟರಿಗೆ ನಾಲ್ಕು ಪಟ್ಟು. ಅಲ್ಲಿ ಒಂದೊಂದು ಉಸಿರಿಗೂ ಮೇಲಿಗಿಂತ ನಾಲ್ಕು ಪಟ್ಟು ಗಾಳಿ ಖರ್ಚು. ಕಾರಿನ ಟೈರಿಗೆ 30 ಚಿಲ್ಲರೆ ಪಿಎಸ್‌ಐ ಹಿಡಿಸುತ್ತೇವೆ, ಬೆನ್ನ ಮೇಲಿನ ಸಿಲಿಂಡರಲ್ಲಿ 3000 ಇರುತ್ತೆ. ಇದೆಲ್ಲ ನನಗೆ ಬೇಗ ತಲೆಗೆ ಹತ್ತಿತು. ಹತ್ತದೆ ಕಾಡಿದ್ದು ತೇಲುವುದು.

ಈಜುವುದು ಬೇರೆ, ತೇಲುವುದು ಬೇರೆ. ನಾವು ನಾಲೆಯಲ್ಲಿ ಈಜು ಕಲಿತವರು. ಕೈಕಾಲು ಬಡಿಯುವುದೇ ನಮಗೆ ಗೊತ್ತಿರುವ ವಿದ್ಯೆ. ಡೈವಿಂಗಲ್ಲಿ ಬಡಿಯಬಾರದು. ಮೇಲೂ ಹೋಗದೆ ಕೆಳಗೂ ಹೋಗದೆ ನಡುನೀರಲ್ಲಿ ಸುಮ್ನೆ ಇರಬೇಕು. ಸೊಂಟಕ್ಕೆ ಸೀಸದ ತೂಕ, ಮೈಮೇಲೆ ಗಾಳಿ ತುಂಬುವ ಜಾಕೆಟ್, ಇವೆರಡನ್ನೂ ಹೊಂದಿಸಿದ ಮೇಲೆ ಉಳಿದದ್ದೆಲ್ಲ ಉಸಿರಿನ ಕೆಲಸ. ಉಸಿರು ಎಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಉಸಿರು ಮಾತ್ರ ಯಾವತ್ತೂ ಕಟ್ಟಬಾರದು. ಕಟ್ಟಿಕೊಂಡು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು.

ಬೆಂಗಳೂರಿನ ಒಂದು ಈಜುಕೊಳದಲ್ಲಿ ಎಂಟು ಭಾನುವಾರ ಇದನ್ನೇ ಮಾಡಿದೆ. ಬೆಳಗಿನ ರೈಲಿಗೆ ಹೋಗುವುದು, ರಾತ್ರಿ ಬರುವುದು. ಕಲಿಸುವವರು ನನ್ನನ್ನು ಕೈ ಕಟ್ಟಿಸಿ ನೀರಲ್ಲಿ ಅಡ್ಡ ಮಲಗಿಸುತ್ತಿದ್ದರು. ಸ್ಕೂಲಲ್ಲಿ ಕೈ ಕಟ್ಟಿ ಕೂರಿಸುತ್ತಿದ್ದರಲ್ಲ, ಹಾಗೆ. ಕೈ ಬಿಚ್ಚಿದರೆ ಮತ್ತೆ ಮೊದಲಿಂದ. ಆರನೇ ವಾರ ಒಂದು ನಿಮಿಷ ಅಲುಗಾಡದೆ ನಿಂತೆ. ಆ ಒಂದು ನಿಮಿಷದ ಖುಷಿ ನನಗೆ ಇನ್ನೂ ನೆನಪಿದೆ. ಆಮೇಲೆ ಸಮುದ್ರದ ಡೈವ್, ಅದರ ಮೇಲೆ ಅಡ್ವಾನ್ಸ್ಡ್ ಕೋರ್ಸ್, ಎರಡು ವರ್ಷ ಅಲ್ಲಿ ಇಲ್ಲಿ ಹೋಗಿ ಅಭ್ಯಾಸ. ಈ ಫೆಬ್ರವರಿಯಲ್ಲಿ ಮಗಳ ಜೊತೆ ಮಾಲ್ಡೀವ್ಸ್‌ಗೆ ಹೊರಟೆ.

ಹೊರಡುವ ದಿನ ಅವ್ವ ಬಾಗಿಲಲ್ಲಿ ನಿಂತು, "ಮೀನ ನೋಡಕ್ಕೆ ಅಷ್ಟು ದೂರ ಹೋಗ್ಬೇಕೇನ್ಲಾ? ನೀರ್ ತಾವ ಹುಸಾರು ಕನ್ಲಾ ಮಗ" ಅಂದಳು. ಅವಳ ಭಯ ಸುಮ್ನೆ ಬಂದಿದ್ದಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರಲ್ಲ, ಆವತ್ತಿಂದ ಅವಳು ನಾಲೆ ಏರಿ ಮೇಲೆ ಹೋಗುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಬೆಂಗಳೂರಿಂದ ಮಾಲೆಗೆ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿ ಹೋಟೆಲ್ ಇಲ್ಲ, ರೆಸಾರ್ಟ್ ಇಲ್ಲ, ನೇರ ದೊಡ್ಡ ಬೋಟು. ಏಳು ರಾತ್ರಿ ಊಟ, ನಿದ್ದೆ, ಡೈವಿಂಗ್ ಎಲ್ಲ ಅದರಲ್ಲೇ. ಅವರು ಅದನ್ನು ಸಫಾರಿ ಬೋಟ್ ಅನ್ನುತ್ತಾರೆ. ಪಕ್ಕದಲ್ಲೇ ಇನ್ನೊಂದು ಚಿಕ್ಕ ಬೋಟು ಬರುತ್ತೆ. ಅದರಲ್ಲಿ ಕಂಪ್ರೆಸರ್, ಸಿಲಿಂಡರು. ಡೈವಿಂಗ್‌ಗೆ ನೀರಿಗೆ ಹಾರುವುದು ಅದರಿಂದಲೇ. ಅದಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತಾರೆ ಗೊತ್ತಾ? ದೋಣಿ! ನೀರೊಳಗಿನ ಗುಡ್ಡಕ್ಕೆ ಗಿರಿ. ಮೊದಲ ದಿನ ಬ್ರೀಫಿಂಗ್‌ನಲ್ಲಿ ಈ ಎರಡು ಪದ ಕೇಳಿದಾಗ ನಮ್ಮೂರಿನವರೇ ಮಾತಾಡಿದ ಹಾಗಾಯಿತು. ತಿಂಡಿಗೆ ಮಸ್ ಹುಣಿ, ಅಂದರೆ ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ ಕಲಸಿದ್ದು. ಜೊತೆಗೆ ರೋಶಿ, ನಮ್ಮ ಚಪಾತಿಯ ತಂಗಿ.

ಬೆಳಿಗ್ಗೆ ಆರಕ್ಕೆ ಎಬ್ಬಿಸುತ್ತಾರೆ. ತಿಂಡಿಗೆ ಮುಂಚೆ ಒಂದು ಡೈವ್, ಆಮೇಲೆ ಇನ್ನೆರಡು. ಮಧ್ಯೆ ಬೋಟು ಮುಂದಿನ ಜಾಗಕ್ಕೆ ಸಾಗುತ್ತೆ. ಎತ್ತ ನೋಡಿದರೂ ನೀರು. ಅಲ್ಲೊಂದು ಇಲ್ಲೊಂದು ದ್ವೀಪ, ನೀರಿನ ಮೇಲೆ ಒಂದು ಹಸಿರು ಗೆರೆ ಎಳೆದ ಹಾಗೆ. ಆ ದೇಶದಲ್ಲಿ 1,192 ದ್ವೀಪ. ನೆಲದ ಸರಾಸರಿ ಎತ್ತರ ಸಮುದ್ರ ಮಟ್ಟದಿಂದ ಸುಮಾರು 5 ಅಡಿ. ನಮ್ಮ ಗದ್ದೆಯಲ್ಲಿ ಕಟಾವಿಗೆ ಬಂದ ಕಬ್ಬು ಅದಕ್ಕಿಂತ ಎತ್ತರ. ಆ ನೆಲವೂ ಹವಳ ಕೊಟ್ಟಿದ್ದೇ. ಗಿಳಿಮೀನು ಅಂತ ಒಂದಿದೆ. ಹವಳದ ಮೇಲಿನ ಪಾಚಿಯನ್ನು ಸುಣ್ಣದ ಸಮೇತ ಕಚ್ಚಿ ತಿನ್ನುತ್ತೆ, ಸುಣ್ಣವನ್ನು ಬಿಳಿ ಮರಳು ಮಾಡಿ ಹೊರಹಾಕುತ್ತೆ. ನೀರಲ್ಲಿ ಕಿವಿ ಕೊಟ್ಟರೆ ಅದು ಕಟಕಟ ಅಂತ ಕಡಿಯುವುದು ಕೇಳುತ್ತೆ.

ಅಲ್ಲಿ ನಮ್ಮಂಥ ಪ್ರವಾಸಿಗಳಿಗೆ 30 ಮೀಟರಿಗಿಂತ ಕೆಳಗೆ ಇಳಿಯಲು ಕಾನೂನಿನಲ್ಲೇ ಅವಕಾಶ ಇಲ್ಲ. 30 ಮೀಟರ್ ಅಂದರೆ 98 ಅಡಿ. ಮಂಡ್ಯದವನಿಗೆ ಅಡಿ ಅಂದ ಕೂಡಲೇ ನೆನಪಾಗುವುದು ಕೆಆರ್‌ಎಸ್, ಅಲ್ವಾ? 124.80 ಅಡಿ ಆದರೆ ಭರ್ತಿ. ಕೈಗಡಿಯಾರದಂಥ ಕಂಪ್ಯೂಟರಿನಲ್ಲಿ ಆಳ ನೋಡಿದಾಗಲೆಲ್ಲ, ಇವತ್ತು ಕಟ್ಟೆ ಎಷ್ಟು ಅಡಿ ಇದೆಯೋ ಅಂತ ಮನಸ್ಸು ಹೇಳುತ್ತಿತ್ತು.

ನಾಲ್ಕನೇ ರಾತ್ರಿ ಫೆಸ್ದೂ ಅನ್ನುವ ಕಡೆ ಲಂಗರು ಹಾಕಿದರು. ಕತ್ತಲಾದ ಮೇಲೆ ಬೋಟಿನ ಹಿಂದೆ ದೊಡ್ಡ ದೀಪ ಹಚ್ಚಿದರು. ಬೆಳಕಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಮುತ್ತುತ್ತವೆ. ಅವನ್ನು ತಿನ್ನಲು ಮಾಂಟಾ ಬರುತ್ತೆ. ಚಪ್ಪಟೆ ಮೈಯ ತೊರಕೆ ಜಾತಿಯ ಮೀನು, ಆದರೆ ಬಾಲದಲ್ಲಿ ಮುಳ್ಳಿಲ್ಲ. ನಾವು ಬರೀ ಮರಳಿದ್ದ ಜಾಗದಲ್ಲಿ ಮಂಡಿಯೂರಿ ಕೂತು ಟಾರ್ಚ್ ಮೇಲಕ್ಕೆ ಹಿಡಿದೆವು. ಮೊದಲು ಒಂದು ನೆರಳು. ಆಮೇಲೆ ಹತ್ತಡಿ ಅಗಲದ ರೆಕ್ಕೆ ನನ್ನ ತಲೆ ಮೇಲೆ ಬಂತು. ಬಾಯಿ ಅಗಲಿಸಿ ಬೆಳಕಿನಲ್ಲಿ ಲಾಗ ಹಾಕಿತು. ಮತ್ತೆ ಹಾಕಿತು. ಹೊಟ್ಟೆಯ ಬಿಳುಪು, ಅದರ ಮೇಲಿನ ಕಪ್ಪು ಮಚ್ಚೆ, ಕಿವಿರಿನ ಸಾಲು, ಎಲ್ಲ ಕೈಗೆ ಸಿಗುವಷ್ಟು ಹತ್ತಿರ. ಪ್ರತಿ ಮಾಂಟಾದ ಮಚ್ಚೆಯೂ ಬೇರೆ ಬೇರೆ, ಅದರಿಂದಲೇ ಅವನ್ನು ಗುರುತಿಸುತ್ತಾರಂತೆ. ಐವತ್ತು ನಿಮಿಷ ಯಾರೂ ಕೈ ಚಾಚಲಿಲ್ಲ. ಮಾಸ್ಕ್ ಒಳಗೆ ನೀರು ಬಂತು ಅಂದುಕೊಂಡೆ. ಅದು ಕಣ್ಣೀರು.

ಇನ್ನೊಂದನ್ನೂ ನೋಡಿದೆ. ಅದನ್ನು ಫೋಟೋದಲ್ಲಿ ಹಾಕಿಲ್ಲ. ಒಂದು ಬೆಳಿಗ್ಗೆ ಇಳಿದ ಕಡೆ ಹವಳ ಇರಲಿಲ್ಲ, ಅದರ ಮೂಳೆ ಇತ್ತು. ಕೊಂಬೆಗಳು ಮುರಿದು ಬೂದುಬಣ್ಣದ ರಾಶಿ. ಹಂಚಿನ ಚೂರು ಸುರಿದ ಹಾಗೆ. ನೀರು ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಬಿಸಿಯಾಗಿ ಕೆಲವು ವಾರ ಹಾಗೇ ಇದ್ದರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತೆ. ಬೆಳ್ಳಗಾಗುತ್ತೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತೆ. ಮಾಲ್ಡೀವ್ಸ್‌ನಲ್ಲಿ 1998ರಲ್ಲಿ ಆಳವಿಲ್ಲದ ಕಡೆಯ ಬಹುಪಾಲು ಹವಳ ಹೀಗೇ ಸತ್ತಿತು. ಚೇತರಿಸಿಕೊಳ್ಳುತ್ತಿದ್ದ ಹೊತ್ತಿಗೆ 2016ರಲ್ಲಿ ಮತ್ತೆ. 2024ರ ಏಪ್ರಿಲ್‌ನಲ್ಲಿ ಪ್ರಪಂಚದಾದ್ಯಂತ ನಾಲ್ಕನೇ ಸಲ ಹೀಗಾಗುತ್ತಿದೆ ಅಂತ ವಿಜ್ಞಾನಿಗಳು ಘೋಷಿಸಿದರು. ಆ ರಾಶಿಯ ನಡುವೆ ಅಂಗೈಯಷ್ಟು ಹೊಸ ಹವಳ ಚಿಗುರಿದ್ದನ್ನು ಮಗಳು ತೋರಿಸಿದಳು. ಅಲ್ಲಲ್ಲಿ, ನೇರಳೆ ತುದಿಯದು.

ಸಮುದ್ರದ ಬಿಸಿ ಇಳಿಸುವುದು ನನ್ನೊಬ್ಬನ ಕೈಲಿಲ್ಲ. ಆ ಅಂಗೈಯಷ್ಟು ಹವಳವನ್ನು ತುಳಿಯದೆ ಇರುವುದು ನನ್ನ ಕೈಲಿದೆ. ಅದಕ್ಕೇ ಇಷ್ಟು ಬರೆಯುತ್ತಿರುವುದು.

ಕಲಿಯದೆ ಇಳಿದವರು ಬೇಕಂತ ಮುರಿಯುವುದಿಲ್ಲ. ತೂಕ ಜಾಸ್ತಿ ಇರುತ್ತೆ, ಕೆಳಗೆ ಜಾರುತ್ತಾರೆ, ಗಾಬರಿಯಾಗಿ ಕಾಲು ಬಡಿಯುತ್ತಾರೆ. ಕಾಲಿಗೆ ಕಟ್ಟಿದ ರೆಕ್ಕೆಯ ಒಂದೇ ಏಟಿಗೆ ಹತ್ತಾರು ವರ್ಷದ ಬೆಳೆ ಹೋಗುತ್ತೆ. ನಾಗರಹೊಳೆಯಲ್ಲಿ ಸಫಾರಿ ಜೀಪಿಂದ ಇಳಿದು ಹುಲಿಯ ಬೆನ್ನು ಸವರಿ ಫೋಟೋ ತೆಗೆಸಿಕೊಳ್ಳಲು ಯಾರಾದರೂ ಬಿಡುತ್ತಾರಾ? ನಮ್ಮ ದೇಶದ 1972ರ ವನ್ಯಜೀವಿ ಕಾಯ್ದೆಯಲ್ಲಿ ದಿಬ್ಬ ಕಟ್ಟುವ ಹವಳವೂ ಹುಲಿ ಇರುವ ಮೊದಲನೇ ಪಟ್ಟಿಯಲ್ಲೇ ಇದೆ. ತೀರದಲ್ಲಿ ಸಿಕ್ಕ ಹವಳದ ಚೂರನ್ನು ಶೋಕೇಸಿಗೆ ತರುವುದೂ ತಪ್ಪು.

"ಅದೆಲ್ಲ ದುಡ್ಡಿದ್ದವರ ಆಟ, ಆ ದುಡ್ಡಲ್ಲಿ ಇನ್ನೊಂದು ಬೋರ್ ಕೊರೆಸಬಹುದಿತ್ತು" ಅಂತ ಒಬ್ಬರು ಬರೆದಿದ್ದಾರೆ. ದುಡ್ಡು ಜಾಸ್ತಿ ಆಗುತ್ತೆ, ನಿಜ. ನಾನು ಮೂರು ವರ್ಷ ಚೀಟಿ ಕಟ್ಟಿದೆ. ಆದರೆ ಹವಳ ನೋಡಲು ಮಾಲ್ಡೀವ್ಸೇ ಆಗಬೇಕಿಲ್ಲ. ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪ ಇದೆ, ನಮ್ಮದೇ ಕರ್ನಾಟಕದ್ದು. ಮಳೆಗಾಲ ಬಿಟ್ಟು ಹೋಗಬಹುದು. ಎಲ್ಲಿಗೇ ಹೋಗಿ, ಮೊದಲು ಈಜುಕೊಳದಲ್ಲಿ ಕಲಿಸುತ್ತೀರಾ ಅಂತ ಕೇಳಿ. ಇಲ್ಲ, ಹತ್ತು ನಿಮಿಷ ಸಾಕು ಅಂದರೆ ಬೇರೆಯವರನ್ನು ಹುಡುಕಿ. ಹವಳ ಹಿಡಿದುಕೊಳ್ಳಿ ಅಂತ ಸನ್ನೆ ಮಾಡಿದರೆ ಬೇಡ ಅಂತ ತಲೆ ಆಡಿಸಿ. ನೀರೊಳಗೆ ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗೋಣ ಅಂತ ಅರ್ಥ. ಇದೊಂದು ಗೊತ್ತಿದ್ದರೂ ಎಷ್ಟೋ ಗಾಬರಿ ತಪ್ಪುತ್ತೆ.

ವಾಪಸ್ ಬಂದ ಮೇಲೆ ಅಣ್ಣನ ಇಬ್ಬರು ಮಕ್ಕಳನ್ನು ಮೈಸೂರಿನ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಅವ್ವ ಮೊದಲ ವಾರ ಬೇಡ ಅಂದಳು. ಎರಡನೇ ವಾರ ಟವೆಲ್ಲು ಅವಳೇ ಮಡಚಿ ಇಟ್ಟಿದ್ದಳು.

ಈಗ ದುಡ್ಡಿನ ಮಾತು. ಖರ್ಚಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಂಗಡಿಯಲ್ಲಿ ಇಟ್ಟಿದ್ದೇನೆ. ಬನ್ನಿ, ಕಾಫಿ ಕುಡಿಯುತ್ತಾ ನೋಡೋಣ. ಭಾನುವಾರ ಮಾತ್ರ ಸಿಗುವುದಿಲ್ಲ, ಕೊಳದಲ್ಲಿ ಇರುತ್ತೇನೆ. ಅಲ್ಲಿಗೇ ಬಂದರೆ ಇನ್ನೂ ಒಳ್ಳೆಯದು.