ಸುಮ್ಮನಿದ್ದವರಿಗೆ ಸೊನ್ನೆ ಅಂಕ

ಪ್ರಥಮ ಚಿಕಿತ್ಸೆಗೆ ಒಂದು ದೊಡ್ಡ ಕೊರತೆಯಿದೆ: ಅದನ್ನು ಸರಿಯಾಗಿ ಮಾಡಿದಾಗ ನೋಡುವುದಕ್ಕೆ ಏನೂ ಇರುವುದಿಲ್ಲ. ಸುಟ್ಟ ಕೈಯನ್ನು ಹರಿಯುವ ತಣ್ಣೀರಿಗೆ 20 ನಿಮಿಷ ಒಡ್ಡಿ ನಿಂತಿರಬೇಕು. ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಬಲವಾಗಿ ಒತ್ತಿ, ನಿಂತಿತೇ ಇಲ್ಲವೇ ಎಂದು ಪದೇ ಪದೇ ಎತ್ತಿ ನೋಡುವ ಚಪಲವನ್ನು ಅದುಮಿಕೊಂಡು, ಒತ್ತಿಯೇ ಇರಬೇಕು. ಮೂಗಿನಿಂದ ರಕ್ತ ಬರುತ್ತಿರುವವರನ್ನು ಕೂರಿಸಿ, ತಲೆಯನ್ನು ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ, ಮೂಗಿನ ಮೃದು ಭಾಗವನ್ನು 10 ನಿಮಿಷ ಅದುಮಿ ಹಿಡಿಯಬೇಕು. ಇವುಗಳಲ್ಲಿ ಒಂದಕ್ಕೂ ಚಪ್ಪಾಳೆ ಗಿಟ್ಟುವುದಿಲ್ಲ. ಫೋಟೊ ತೆಗೆದರೆ ಯಾರೋ ನಲ್ಲಿಯ ಮುಂದೆ ವೃಥಾ ಕಾಲ ಕಳೆಯುತ್ತಿರುವಂತೆ ಕಾಣುತ್ತದೆ. ಸ್ಕೌಟ್ ಮತ್ತು ಗೈಡ್ ಮಕ್ಕಳಿಗಾಗಿ ಪ್ರಥಮ ಚಿಕಿತ್ಸಾ ಸ್ಪರ್ಧೆ ಏರ್ಪಡಿಸುವ ಸಮಿತಿಗಳು ಈ ಕೊರತೆಯನ್ನು ಮನಗಂಡು, ಅದನ್ನು ನೀಗಿಸುವ ಹೊಣೆಯನ್ನು ಯಾರೂ ಕೇಳದಿದ್ದರೂ ತಾವಾಗಿಯೇ ಹೊತ್ತುಕೊಂಡಿವೆ.

ಅಂಥದೊಂದು ಸಮಿತಿಯನ್ನು ಕಲ್ಪಿಸಿಕೊಳ್ಳೋಣ. ಮಕ್ಕಳ ಯಾವುದಾದರೂ ಸ್ಪರ್ಧೆಯ ಅಂಗಳದಲ್ಲಿ ಅರ್ಧ ದಿನ ನಿಂತವರಿಗೆ ಈ ಕಲ್ಪನೆ ಕಷ್ಟವಾಗದು. ಸಮಿತಿಯ ಮೊದಲ ಸಭೆ ವೇದಿಕೆಯ ಅಳತೆಯ ಬಗ್ಗೆ ನಡೆಯಿತು, ಎರಡನೆಯದು ಪ್ರಮಾಣಪತ್ರದ ಮೇಲೆ ಯಾರ ಸಹಿ ಎಡಕ್ಕೆ, ಯಾರ ಸಹಿ ಬಲಕ್ಕೆ ಎಂಬುದರ ಬಗ್ಗೆ ನಡೆಯಿತು, ಗಾಯಗಳ ಸರದಿ ಬಂದದ್ದು ಮೂರನೆಯ ಸಭೆ ಮುಗಿಯುವ ಹೊತ್ತಿಗೆ. ಆಗ ಎಲ್ಲರಿಗೂ ಮನೆಗೆ ಹೋಗುವ ಅವಸರವಿದ್ದುದರಿಂದ ಪ್ರತಿಯೊಂದು ಗಾಯಕ್ಕೂ ತಲಾ 5 ನಿಮಿಷ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸುಟ್ಟ ಗಾಯಕ್ಕೆ 20 ನಿಮಿಷ ನೀರು ಬೇಕಲ್ಲ ಎಂದು ಒಬ್ಬ ಸದಸ್ಯೆ ಕೇಳಿದಾಗ, ಸ್ಪರ್ಧೆಯ ಸುಟ್ಟ ಗಾಯಗಳು ಚಿಕ್ಕವಾಗಿರುತ್ತವೆ ಎಂಬ ಸಮಾಧಾನ ದೊರೆಯಿತು. ಹೀಗಾಗಿ ಸ್ಪರ್ಧೆಯ ದಿನ ನೀರಿನ ಕೆಳಗೆ ಕೈಹಿಡಿದು ಶಾಂತವಾಗಿ ನಿಂತಿದ್ದ ತಂಡ 'ಕಾಲಮಿತಿ ಮೀರಿದೆ' ಎಂಬ ಷರಾದೊಂದಿಗೆ ಹೊರಬಿತ್ತು. ಹತ್ತು ಸೆಕೆಂಡು ನೀರು ಚಿಮುಕಿಸಿ, ಮಿಕ್ಕ ಸಮಯವನ್ನೆಲ್ಲ ಅಂದವಾದ ಬ್ಯಾಂಡೇಜ್ ಕಟ್ಟುವುದಕ್ಕೆ ವಿನಿಯೋಗಿಸಿದ ತಂಡ ಪೂರ್ಣ ಅಂಕ ಪಡೆಯಿತು. ಆ ಬ್ಯಾಂಡೇಜ್ ನಿಜಕ್ಕೂ ಸುಂದರವಾಗಿತ್ತು ಎಂಬುದನ್ನು ಒಪ್ಪಲೇಬೇಕು. ಅದರ ಒಳಗಿನ ಚರ್ಮದ ಬಿಸಿ ಹಾಗೆಯೇ ಉಳಿದಿತ್ತು, ಅಷ್ಟೆ.

ನಿಯಮಾವಳಿಯನ್ನು ಹಗ್ಗಜಗ್ಗಾಟದ ಸ್ಪರ್ಧೆಯದರಿಂದ ನಕಲು ಮಾಡಿಕೊಳ್ಳಲಾಗಿತ್ತು. ಅದು ತಪ್ಪಲ್ಲ, ಸಮಯ ಉಳಿಯುತ್ತದೆ. ಆದರೆ ಅದರಲ್ಲಿ 'ಸ್ಪರ್ಧೆ ನಡೆಯುತ್ತಿರುವಾಗ ತಂಡವು ಹೊರಗಿನವರ ನೆರವು ಕೋರಿದರೆ ಅನರ್ಹಗೊಳಿಸಲಾಗುವುದು' ಎಂಬ ಒಂದು ಸಾಲಿತ್ತು. ಪ್ರಥಮ ಚಿಕಿತ್ಸೆಯ ಯಾವ ಕೈಪಿಡಿಯನ್ನು ತೆರೆದರೂ ಮೊದಲ ಪುಟದಲ್ಲೇ ಕಾಣುವ ಸೂಚನೆ ಎಂದರೆ ನೆರವಿಗೆ ಕೂಗಿ, ಆಂಬುಲೆನ್ಸ್ ಕರೆಸಿ ಎಂಬುದು. ಈ ಎರಡೂ ಸಾಲುಗಳನ್ನು ಓದಿಕೊಂಡು ಬಂದಿದ್ದ ಒಬ್ಬ ಪಟ್ರೋಲ್ (ಚಿಕ್ಕ ತಂಡದ) ನಾಯಕಿ, ಉಸಿರು ನಿಂತ ಗಾಯಾಳುವಿನ ಪಕ್ಕದಲ್ಲಿ ಮೊಣಕಾಲೂರಿ, ನಿಂತಿದ್ದ ಜನರಲ್ಲಿ ಒಬ್ಬರತ್ತ ಬೆರಳು ತೋರಿಸಿ "ನೀವು, ಕನ್ನಡಕ ಹಾಕಿಕೊಂಡಿರುವವರು, ಆಂಬುಲೆನ್ಸ್‌ಗೆ ಫೋನ್ ಮಾಡಿ, ಮಾಡಿದ ಮೇಲೆ ಬಂದು ನನಗೆ ತಿಳಿಸಿ" ಎಂದಳು. ಗುಂಪಿನಲ್ಲಿ 'ಯಾರಾದರೂ ಕರೆ ಮಾಡಿ' ಎಂದರೆ ಯಾರೂ ಮಾಡುವುದಿಲ್ಲ, ಒಬ್ಬರನ್ನು ಗುರುತಿಸಿ ಹೇಳಬೇಕು ಎಂಬ ಪಾಠವನ್ನು ಆಕೆ ಚೆನ್ನಾಗಿ ಕಲಿತಿದ್ದಳು. ಕನ್ನಡಕ ಹಾಕಿಕೊಂಡಿದ್ದವರು ತೀರ್ಪುಗಾರರಾಗಿದ್ದರು. ತಂಡ ಎರಡು ಆರೋಪಗಳ ಮೇಲೆ ಅನರ್ಹವಾಯಿತು: ಹೊರಗಿನವರ ನೆರವು, ಮತ್ತು ತೀರ್ಪುಗಾರರೊಂದಿಗೆ ಸಂಪರ್ಕ.

ಸ್ಕಾರ್ಫಿನ ಪ್ರಕರಣಕ್ಕೆ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಅವರು 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಸೇರಿಸಿ ಪ್ರಾಯೋಗಿಕ ಶಿಬಿರ ನಡೆಸಿದಾಗ, ಜೀವ ಉಳಿಸುವ ವಿದ್ಯೆಗೂ ಅದರ ಪಾಠಗಳಲ್ಲಿ ಸ್ಥಾನವಿತ್ತು. ಸ್ಕೌಟ್ ಆದವನ ಉಡುಪೇ ಅವನ ಔಷಧ ಪೆಟ್ಟಿಗೆ ಎಂಬುದು ಅಂದಿನಿಂದ ಹರಿದು ಬಂದ ವಿಚಾರ. ಕೊರಳಿನ ಸ್ಕಾರ್ಫನ್ನು ಬಿಚ್ಚಿ ಹರಡಿದರೆ ಮುರಿದ ಕೈಗೆ ಜೋಳಿಗೆಯಾಗುತ್ತದೆ, ಮಡಚಿದರೆ ಗಾಯಕ್ಕೆ ಪಟ್ಟಿಯಾಗುತ್ತದೆ. ಎರಡು ಉದ್ದನೆಯ ಕೋಲುಗಳನ್ನು ಒಂದೆರಡು ಗಟ್ಟಿ ಅಂಗಿಗಳ ತೋಳುಗಳೊಳಗೆ ತೂರಿಸಿದರೆ ಸ್ಟ್ರೆಚರ್ ಸಿದ್ಧವಾಗುತ್ತದೆ. ಈಗ ಸಮವಸ್ತ್ರ ಉಪಸಮಿತಿಯ ವಿಷಯಕ್ಕೆ ಬರೋಣ. ಈ ಉಪಸಮಿತಿಯು ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ತನ್ನ ವಶದಲ್ಲಿಟ್ಟುಕೊಂಡಿತ್ತು, ಮತ್ತು ಸ್ಪರ್ಧೆ ಆರಂಭವಾದಾಗಿನಿಂದ ಮುಗಿಯುವವರೆಗೆ ಯಾವುದೇ ಹಂತದಲ್ಲಿ ತಪಾಸಣೆ ನಡೆಸುವ ಅಧಿಕಾರ ಪಡೆದಿತ್ತು. ಮೂಳೆ ಮುರಿದ ಕೈಗೆ ಆಧಾರ ಕೊಡಲು ಒಬ್ಬ ಹುಡುಗ ತನ್ನ ಸ್ಕಾರ್ಫ್ ಬಿಚ್ಚಿದ ಕ್ಷಣದಲ್ಲೇ ಉಪಸಮಿತಿಯವರು ಹಾಜರಾಗಿ, ಕೊರಳು ಬರಿದಾಗಿದೆ, ಸ್ಕಾರ್ಫನ್ನು ಕೊರಳಲ್ಲಿ ಹಿಡಿದಿಡುವ ವಾಗಲ್ ಎಂಬ ಬಳೆ ನೆಲದ ಮೇಲಿದೆ ಎಂದು ಬರೆದುಕೊಂಡರು. ಇನ್ನೊಂದು ತಂಡದ ಇಬ್ಬರು ಸ್ಟ್ರೆಚರ್‌ಗಾಗಿ ಅಂಗಿ ಕಳಚಿದ್ದರಿಂದ ಅವರ ಬಗ್ಗೆ ಪ್ರತ್ಯೇಕ ವರದಿಯೇ ಸಿದ್ಧವಾಯಿತು. ಮೂರನೆಯ ತಂಡ ಜಾಣರದು: ಅವರು ಇಸ್ತ್ರಿ ಮಾಡಿದ ತ್ರಿಕೋನ ಬ್ಯಾಂಡೇಜನ್ನು ಚೀಲದಿಂದ ತೆಗೆಯುವವರೆಗೂ ಗಾಯಾಳುವಿಗೆ ಮುರಿದ ಕೈಯನ್ನು ತಾನೇ ಹಿಡಿದುಕೊಂಡಿರುವಂತೆ ಸೂಚಿಸಿ, ತಮ್ಮ ಸ್ಕಾರ್ಫಿನ ಮಡಿಕೆಯೊಂದೂ ಕೆಡದಂತೆ ಕಾಪಾಡಿಕೊಂಡರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವುದು ಇಲ್ಲಿ ಕೇವಲ ಗಾದೆಯಲ್ಲ, ಅಂಕ ಹಂಚಿಕೆಯ ಸೂತ್ರ.

ರೀಫ್ ಗಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಚಪ್ಪಟೆಯಾಗಿ ಕೂರುತ್ತದೆ, ಮೈಗೆ ಒತ್ತುವುದಿಲ್ಲ, ಬಿಚ್ಚಲು ಸುಲಭ. ಆದ್ದರಿಂದಲೇ ಅದು ಬ್ಯಾಂಡೇಜಿಗೆ ಒಪ್ಪುವ ಗಂಟು. ತೀರ್ಪುಗಾರರು ಗಂಟಿನ ತುದಿಗಳ ಉದ್ದವನ್ನು ಅಳತೆಪಟ್ಟಿಯಿಂದ ಅಳೆದರು. ಬೆರಳ ತುದಿ ನೀಲಿಯಾಗಿದೆಯೇ, ಕಟ್ಟು ಬಿಗಿಯಾಗಿ ರಕ್ತಸಂಚಾರಕ್ಕೆ ಅಡ್ಡಿಯಾಗಿದೆಯೇ ಎಂದು ನೋಡುವುದಕ್ಕೆ ಅಳತೆಪಟ್ಟಿ ಬೇಕಾಗಿಲ್ಲವಾದ್ದರಿಂದ ಆ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ.

ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡುವ ಚಿಕಿತ್ಸೆಯ ಕೇಂದ್ರದಲ್ಲಿ ನಡೆದುದು ಮಾತ್ರ ವಿಸ್ತಾರವಾಗಿ ದಾಖಲಾಗಬೇಕಾದ ಸಂಗತಿ. ಹೃದಯ ನಿಂತವರ ಎದೆಯನ್ನು ಎಷ್ಟು ಬಾರಿ ಒತ್ತಿ ಎಷ್ಟು ಬಾರಿ ಉಸಿರು ಕೊಡಬೇಕು ಎಂಬ ಲೆಕ್ಕ ವಯಸ್ಕರಿಗೆ ಹಿಂದೆ 15ಕ್ಕೆ 2 ಎಂದಿತ್ತು. 2005ರ ಅಂತಾರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಅದು 30ಕ್ಕೆ 2 ಆಯಿತು. ಒತ್ತುವುದನ್ನು ಮೇಲಿಂದ ಮೇಲೆ ನಿಲ್ಲಿಸಿದರೆ ಮಿದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ ಎಂಬುದು ಈ ಬದಲಾವಣೆಯ ಹಿಂದಿನ ತರ್ಕ. ಮಕ್ಕಳು ಹೊಸ ಲೆಕ್ಕ ಕಲಿತು ಬಂದಿದ್ದರು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಹಳೆಯ ಲೆಕ್ಕದಲ್ಲಿ ಚಿನ್ನದ ಪದಕ ಪಡೆದವರಾಗಿದ್ದು, ಪದಕವನ್ನು ಹಿಂದಿರುಗಿಸುವಂತೆ ಯಾವ ಮಾರ್ಗಸೂಚಿಯೂ ತಮಗೆ ತಿಳಿಸಿಲ್ಲ ಎಂದು ವಾದಿಸಿದರು. 15 ದಾಟಿದ ಪ್ರತಿಯೊಂದು ಒತ್ತುವಿಕೆಗೂ ಅವರು ಅಂಕ ಕಳೆದರು. ಪಕ್ಕದ ಕಿರಿಯ ತೀರ್ಪುಗಾರರು 30 ಮುಟ್ಟದವರಿಗೆ ಅಂಕ ಕಳೆದರು. ಮೇಲ್ಮನವಿ ಸಮಿತಿ ಸೇರಿತು. ಯಾರ ಗೌರವಕ್ಕೂ ಚ್ಯುತಿ ಬಾರದ ಹಾಗೆ ಎರಡರ ಸರಾಸರಿಯಾದ 22.5 ಅನ್ನು ಅಧಿಕೃತ ಸಂಖ್ಯೆಯೆಂದು ಅಂಗೀಕರಿಸಲಾಯಿತು. ವಯಸ್ಕರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕಾಗಿರುವುದರಿಂದ ಅರ್ಧ ಒತ್ತುವಿಕೆ ಎಂದರೆ ಎರಡೂವರೆಯಿಂದ ಮೂರು ಸೆಂಟಿಮೀಟರ್ ಎಂಬ ತಾಂತ್ರಿಕ ಸ್ಪಷ್ಟೀಕರಣವನ್ನು ಲೆಕ್ಕದ ಮೇಷ್ಟರೊಬ್ಬರು ಸ್ಥಳದಲ್ಲೇ ಒದಗಿಸಿದರು. ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕೆಂಬ ನಿಯಮದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ಇರಲಿಲ್ಲ, ಏಕೆಂದರೆ ಗಡಿಯಾರ ಧ್ವಜದ ಉಪಸಮಿತಿಯ ಬಳಿ ಇತ್ತು. ಈ ಚರ್ಚೆ ನಡೆಯುತ್ತಿದ್ದಷ್ಟು ಹೊತ್ತೂ ರೋಗಿಯ ಬದಲಿಗೆ ಮಲಗಿಸಿದ್ದ ಬೊಂಬೆಯ ಎದೆಯನ್ನು ಯಾರೂ ಒತ್ತಿರಲಿಲ್ಲ. ಉಸಿರಾಟ ನಿಂತ ನಾಲ್ಕೈದು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ ಎನ್ನುತ್ತಾರೆ. ಬೊಂಬೆ ಒಟ್ಟು ಐವತ್ತು ನಿಮಿಷ ಕಾದಿತ್ತು.

ಇನ್ನು ಬಾಯಿಮಾತಿನ ಅಂಕಗಳು. 'ಸ್ಥಳದಲ್ಲಿ ಅಪಾಯವಿದೆಯೇ ಎಂದು ಪರಿಶೀಲಿಸುತ್ತಿದ್ದೇನೆ, ಅಪಾಯವಿಲ್ಲ. ಪ್ರತಿಕ್ರಿಯೆ ಇದೆಯೇ ಎಂದು ನೋಡುತ್ತಿದ್ದೇನೆ, ಪ್ರತಿಕ್ರಿಯೆ ಇಲ್ಲ' ಎಂದು ಗಟ್ಟಿಯಾಗಿ ಹೇಳಿದರೆ ಅಂಕ ಉಂಟು, ಹೇಳದೆ ನೋಡಿದರೆ ಇಲ್ಲ. ಆದ್ದರಿಂದ ಮಕ್ಕಳು ತೀರ್ಪುಗಾರರಿಗೆ ಮುಖ ಕೊಟ್ಟು, ಗಾಯಾಳುವಿಗೆ ಬೆನ್ನು ಕೊಟ್ಟು, ಪ್ರಾರ್ಥನೆಯಂತೆ ಇದನ್ನು ಒಪ್ಪಿಸುತ್ತಿದ್ದರು. ಒಬ್ಬ ಗಾಯಾಳು ನಗು ತಡೆಯಲಾರದೆ ನಕ್ಕ. ಪ್ರತಿಕ್ರಿಯೆ ಇಲ್ಲ ಎಂಬ ಘೋಷಣೆ ಆಗಲೇ ಆಗಿಹೋಗಿದ್ದರಿಂದ ಅವನ ಎದೆಯನ್ನು ಒತ್ತುವುದನ್ನು ಕಷ್ಟಪಟ್ಟು ತಡೆಯಬೇಕಾಯಿತು. ಗಾಯಾಳುಗಳ ಪಾತ್ರಕ್ಕೆ ಕಬ್ ಎಂದು ಕರೆಯುವ ಸ್ಕೌಟಿನ ಪುಟ್ಟ ಮಕ್ಕಳನ್ನು ಕರೆತಂದಿದ್ದರು. ಅವರ ಮೈಮೇಲೆ ಕೆಂಪು ಬಣ್ಣ ಬಳಿಯಲಾಗಿತ್ತು, ಆದರೆ ಏನಾಗಿದೆ, ಎಲ್ಲಿ ನೋವು, ಮುಟ್ಟಿದರೆ ಹೇಗೆ ನಡೆದುಕೊಳ್ಳಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ತೊಡೆಯ ಮೂಳೆ ಮುರಿದಿದ್ದವನು ಊಟದ ಗಂಟೆ ಕೇಳಿಸಿದೊಡನೆ ಎದ್ದು ಓಡಿದ. ವಾಸ್ತವವಾಗಿ, ಇಂಥ ಸ್ಪರ್ಧೆಗಳನ್ನು ಬಲ್ಲವರು ಗಾಯಾಳುವಿನ ಕೈಗೂ ಒಂದು ಅಂಕಪಟ್ಟಿ ಕೊಡುವುದುಂಟು: ನಿನ್ನನ್ನು ಮಾತನಾಡಿಸಿದರೇ, ಮುಟ್ಟುವ ಮೊದಲು ಕೇಳಿದರೇ, ಏನು ಮಾಡುತ್ತಿದ್ದೇವೆಂದು ತಿಳಿಸಿದರೇ, ನೋವಾಯಿತೇ? ಇದು ಒಳ್ಳೆಯ ಪದ್ಧತಿ, ಖರ್ಚೂ ಇಲ್ಲ. ನಮ್ಮ ಸಮಿತಿಯ ಮುಂದೆ ಈ ಸಲಹೆ ಬಂದಾಗ, ಮಲಗಿಕೊಂಡವರು ನಿಂತವರಿಗೆ ಅಂಕ ಕೊಡುವುದು ಶಿಸ್ತಿಗೆ ಒಪ್ಪುವುದಿಲ್ಲ ಎಂದು ಅದನ್ನು ಕೈಬಿಡಲಾಯಿತು. ಕೊನೆಗೆ ಸಿದ್ಧವಾದ ಅಂಕಪಟ್ಟಿಯಲ್ಲಿ ಸಮವಸ್ತ್ರ, ಶಿಸ್ತು, ಧ್ವನಿ, ವೇಗ, ಅಚ್ಚುಕಟ್ಟು ಎಂಬ ಕಾಲಂಗಳಿದ್ದವು. ರೋಗಿ ಏನಾದನೆಂಬ ಕಾಲಂ ಇರಲಿಲ್ಲ.

ಈ ದೊಡ್ಡ ನಾಟಕದ ತಿರುಳೆಲ್ಲ ಕೊನೆಯ ಎರಡು ಕೇಂದ್ರಗಳಲ್ಲಿತ್ತು. ಮೊದಲನೆಯದು ಹಾವು ಕಡಿತ. ರಕ್ತಸಂಚಾರ ನಿಲ್ಲುವಂತೆ ಬಿಗಿದು ಕಟ್ಟಬಾರದು, ಕೊಯ್ಯಬಾರದು, ಬಾಯಿಯಿಂದ ಹೀರಬಾರದು. ಕಡಿಸಿಕೊಂಡವರನ್ನು ನಡೆಸದೆ, ಅಲುಗಿಸದೆ, ಉಂಗುರ ಬಳೆಗಳಿದ್ದರೆ ತೆಗೆದು, ಧೈರ್ಯ ಹೇಳಿ, ಬೇಗನೆ ಆಸ್ಪತ್ರೆ ತಲುಪಿಸಬೇಕು. ಎರಡನೆಯದು ಮೂರ್ಛೆರೋಗದ ಸೆಳೆತ. ಕೈಕಾಲು ಅದುಮಿ ಹಿಡಿಯಬಾರದು, ಬಾಯಿಗೆ ಏನನ್ನೂ ತುರುಕಬಾರದು. ಪೆಟ್ಟಾಗದಂತೆ ನೋಡಿಕೊಂಡು, ಸೆಳೆತ ಎಷ್ಟು ಹೊತ್ತು ಇತ್ತೆಂದು ಲೆಕ್ಕವಿಟ್ಟು, ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಬೇಕು. 5 ನಿಮಿಷ ಮೀರಿದರೆ ತಡಮಾಡದೆ ಆಂಬುಲೆನ್ಸ್. ಅಂದರೆ ಇಲ್ಲಿ ಮಾಡುವುದಕ್ಕಿಂತ ಮಾಡದಿರುವುದೇ ಹೆಚ್ಚು. ಬಡ ತಂಡವೊಂದು, ಎಂದರೆ ಸ್ಕಾರ್ಫಿನಲ್ಲೂ ಕಾಲಮಿತಿಯಲ್ಲೂ ಆಗಲೇ ಅಂಕ ಕಳೆದುಕೊಂಡಿದ್ದ ತಂಡ, ಎರಡೂ ಕಡೆ ಇಷ್ಟನ್ನೇ ಮಾಡಿತು. ಒಬ್ಬಳು ಗಾಯಾಳುವಿನ ಪಕ್ಕ ಕುಳಿತು ಮೆಲುದನಿಯಲ್ಲಿ ಮಾತನಾಡುತ್ತಿದ್ದಳು, ಒಬ್ಬ ಗಡಿಯಾರ ನೋಡುತ್ತಿದ್ದ, ಉಳಿದವರು ಜನ ಮುತ್ತದಂತೆ ದೂರ ಸರಿಸುತ್ತಿದ್ದರು. ಅಂಕಪಟ್ಟಿಯಲ್ಲಿ ಷರಾ ಹೀಗಿತ್ತು: 'ತಂಡ ನಿಷ್ಕ್ರಿಯ. ಕೌಶಲ ಪ್ರದರ್ಶನ: ಸೊನ್ನೆ.' ಅದೇ ಕೇಂದ್ರದಲ್ಲಿ ಕಾಲಿಗೆ ಎರಡು ಕಡೆ ಹಗ್ಗ ಬಿಗಿದು, ಬ್ಲೇಡು ಹಿಡಿದಂತೆ ನಟಿಸಿ, ವಿಷ ಹೀರಿ ಉಗುಳಿದಂತೆಯೂ ನಟಿಸಿದ ತಂಡಕ್ಕೆ ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮಕ್ಕಳನ್ನು ದೂರುವಂತಿಲ್ಲ. ಅಂಕ ಎಲ್ಲಿದೆಯೆಂದು ಅವರು ಬೆಳಗ್ಗೆಯಿಂದ ನೋಡುತ್ತ ಬಂದಿದ್ದರು, ಮತ್ತು ಮಕ್ಕಳು ನಾವು ಕಲಿಸಿದ್ದಕ್ಕಿಂತ ನಾವು ಅಂಕ ಕೊಟ್ಟದ್ದನ್ನೇ ಹೆಚ್ಚು ಬೇಗ ಕಲಿಯುತ್ತಾರೆ.

ವೇದಿಕೆಯ ಹಿಂದಿನ ಬ್ಯಾನರಿನ ಬಗ್ಗೆಯೂ ಒಂದು ಮಾತು. ಅದರ ಮೇಲೆ ಆಳೆತ್ತರದ ಕೆಂಪು ಶಿಲುಬೆ ಇತ್ತು. ಅದು ಜಿನೀವಾ ಒಪ್ಪಂದಗಳ ರಕ್ಷಣೆಯಲ್ಲಿರುವ ಚಿಹ್ನೆ, ಕಂಡಕಂಡವರು ಬಳಸುವಂತಿಲ್ಲ. ಪ್ರಥಮ ಚಿಕಿತ್ಸೆಯನ್ನು ಸೂಚಿಸಲು ಹಸಿರು ಹಿನ್ನೆಲೆಯ ಮೇಲಿನ ಬಿಳಿ ಶಿಲುಬೆ ಇದೆ. ತಪ್ಪನ್ನು ಎತ್ತಿ ತೋರಿಸಿದಾಗ ಬ್ಯಾನರ್ ಮುದ್ರಣವಾಗಿಹೋಗಿದೆ ಎಂಬ ಉತ್ತರ ಬಂತು. ಜಿನೀವಾದವರು ಮೊದಲೇ ತಿಳಿಸಬೇಕಾಗಿತ್ತು.

ಸ್ಪರ್ಧೆಯ ನಂತರದ ಪರಿಶೀಲನಾ ಸಭೆಯಲ್ಲಿ ಬಂದ ದೂರುಗಳನ್ನೆಲ್ಲ ಒಂದೊಂದಾಗಿ ಓದಲಾಯಿತು. ಕಾಲಮಿತಿ, ಸ್ಕಾರ್ಫ್, ನಗು, ಓಟ, ನಿಷ್ಕ್ರಿಯತೆ, ಹೀಗೆ ಯಾವ ತಕರಾರನ್ನು ಬಗೆದು ನೋಡಿದರೂ ಅದರ ಬುಡದಲ್ಲಿ ಒಬ್ಬ ಗಾಯಾಳು ಇರುವುದು ಸಮಿತಿಯ ಗಮನಕ್ಕೆ ಬಂತು. ದೀರ್ಘ ಚರ್ಚೆಯ ಬಳಿಕ, ಮುಂದಿನ ವರ್ಷದಿಂದ ಗಾಯಾಳುವನ್ನು ಸ್ಪರ್ಧೆಯಿಂದ ಕೈಬಿಟ್ಟು ಆ ಜಾಗದಲ್ಲಿ ದಿಂಬೊಂದನ್ನು ಇರಿಸುವುದೆಂದು ನಿರ್ಣಯವಾಯಿತು. ದಿಂಬಿಗೆ ಪ್ರತಿಕ್ರಿಯೆ ಇದೆಯೇ ಎಂದು ಮಕ್ಕಳು ನೋಡುವುದಾದರೂ ಹೇಗೆ ಎಂದು ಅದೇ ಸದಸ್ಯೆ ಮತ್ತೆ ಕೇಳಿದರು. ಪ್ರತಿಕ್ರಿಯೆ ಇಲ್ಲವೆಂದು ಮಕ್ಕಳು ಹೇಗಿದ್ದರೂ ಘೋಷಿಸಲೇಬೇಕಾಗಿರುವುದರಿಂದ, ನಿಯಮಾವಳಿಗೆ ದಿಂಬಿನಷ್ಟು ನಿಷ್ಠರಾದ ಗಾಯಾಳುಗಳು ಬೇರೆ ಸಿಗಲಾರರು ಎಂದು ಅಧ್ಯಕ್ಷರು ವಿವರಿಸಿದರು. ದಿಂಬಿನ ಗವಸಿನ ಬಣ್ಣವನ್ನು ನಿರ್ಧರಿಸುವುದಕ್ಕೆ ಒಂದು ಉಪಸಮಿತಿಯನ್ನು ನೇಮಿಸಿ ಸಭೆ ಮುಕ್ತಾಯವಾಯಿತು.