ದಾವಣಗೆರೆಯ ಬಿಸಿಲು, ಅವ್ವನ ಫ್ರಿಜ್ಜು

ಹೋದ ಏಪ್ರಿಲ್‌ನಲ್ಲಿ ದಾವಣಗೆರೆಗೆ ಬಂದಾಗ ಚಾಕೊಲೇಟ್ ಡಬ್ಬಿಗಳ ಜೊತೆ ಒಂದು ಪುಟ್ಟ ಥರ್ಮಾಮೀಟರ್ ತಂದಿದ್ದೆ. ಫ್ರಿಜ್ಜಿನೊಳಗೆ ಇಡುವಂಥದ್ದು. ರಾತ್ರಿ ಮಲಗುವ ಮುಂಚೆ ಅದನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ಅವ್ವನ ಫ್ರಿಜ್ಜಿನ ನಡು ಅರೆಯಲ್ಲಿ ಇಟ್ಟೆ. ಸುಮ್ನೆ ಗಾಳಿಯಲ್ಲಿ ಇಟ್ಟರೆ ಬಾಗಿಲು ತೆಗೆದ ಕೂಡಲೇ ಮುಳ್ಳು ಏರಿಬಿಡುತ್ತದೆ. ನೀರಿನಲ್ಲಿದ್ದರೆ ಒಳಗಿನ ಪದಾರ್ಥ ನಿಜವಾಗಿ ಎಷ್ಟು ತಣ್ಣಗಿದೆ ಅಂತ ತಿಳಿಯುತ್ತದೆ. ಬೆಳಿಗ್ಗೆ ಎದ್ದು, ಇನ್ನೂ ಯಾರೂ ಬಾಗಿಲು ಮುಟ್ಟದಿರುವಾಗ ನೋಡಿದೆ. 11 ಡಿಗ್ರಿ.

ಇರಬೇಕಾದದ್ದು 4 ಡಿಗ್ರಿ, ಜಾಸ್ತಿ ಅಂದರೆ 5. ಅದನ್ನು ದಾಟಿದರೆ ಆಹಾರ ಕೆಡಿಸುವ ಬ್ಯಾಕ್ಟೀರಿಯಾ ಬೇಗ ಬೇಗ ಬೆಳೆಯುತ್ತವೆ. ಫ್ರಿಜ್ಜು ಅವುಗಳನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ನಾಬ್ ನೋಡಿದೆ, 2ರ ಮೇಲಿತ್ತು. "ಜಾಸ್ತಿ ಇಟ್ರೆ ಕರೆಂಟ್ ಬಿಲ್ ಏರ್ತತಿ ನೋಡಪ್ಪಾ" ಅಂದಳು ಅವ್ವ. ಪಕ್ಕದ ಮನೆ ಅಕ್ಕ ಇನ್ನೊಂದು ಹೇಳಿದರು. 2 ಅಂದರೆ 2 ಡಿಗ್ರಿ, 5 ಅಂದರೆ 5 ಡಿಗ್ರಿ ಅಂತ ಅವರು ಇಷ್ಟು ವರ್ಷ ನಂಬಿದ್ದರಂತೆ. ಅದು ಡಿಗ್ರಿ ಅಲ್ಲ. ಸಂಖ್ಯೆ ಏರಿದಷ್ಟೂ ಒಳಗೆ ತಂಪು ಜಾಸ್ತಿ.

ನಾನು 9 ವರ್ಷದಿಂದ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿನಲ್ಲಿದ್ದೇನೆ. ಅಲ್ಲಿ ನನ್ನ ಫ್ರಿಜ್ಜು ಅಡುಗೆಕಟ್ಟೆಯ ಕೆಳಗೆ ಕೂರುವಷ್ಟು ಚಿಕ್ಕದು. ನಾಬ್ 2ರಲ್ಲೇ ಇರುತ್ತದೆ, ಥರ್ಮಾಮೀಟರ್ 5 ತೋರಿಸುತ್ತದೆ. ಅದೇ 2, ಅಲ್ಲಿ ಒಂದು ಥರ, ದಾವಣಗೆರೆಯಲ್ಲಿ ಒಂದು ಥರ. ಯಾಕೆ ಅಂತ ಎರಡೂ ಫ್ರಿಜ್ಜಿನ ಚೀಟಿ ಓದಿದ ಮೇಲೆ ಸ್ಪಷ್ಟವಾಯಿತು. ಪ್ರತಿ ಫ್ರಿಜ್ಜನ್ನೂ ಇಂತಿಷ್ಟು ಸೆಕೆಯ ಕೋಣೆಗೆ ಅಂತಲೇ ಮಾಡಿರುತ್ತಾರೆ. ಎನ್ ಅಂತ ಬರೆದಿದ್ದರೆ ಸುತ್ತಲಿನ ಕೋಣೆ 16ರಿಂದ 32 ಡಿಗ್ರಿ ಇರಬೇಕು. ಎಸ್‌ಟಿ ಅಂದರೆ 38ರವರೆಗೆ. ಟಿ ಅಂದರೆ 43ರವರೆಗೆ. ಅವ್ವನದು ಟಿ. ಆದರೂ ಆವತ್ತು ಮಧ್ಯಾಹ್ನ ಹೊರಗೆ 39 ಇತ್ತು. ಫ್ರಿಜ್ಜು ನಿಂತಿದ್ದು ಪಡುವಣದ ಗೋಡೆಗೆ ಅಂಟಿಕೊಂಡು, ಒಲೆಯಿಂದ ಎರಡು ಮಾರು ದೂರದಲ್ಲಿ. ಆ ಮೂಲೆಯಲ್ಲಿ ಕೈ ಇಟ್ಟರೆ ಗೋಡೆಯೇ ಬಿಸಿ.

ಫ್ರಿಜ್ಜು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಎಳೆದು ಹೊರಗೆ ಹಾಕುತ್ತದೆ. ಹಿಂದಿನ ಕಪ್ಪು ಜಾಲರಿಯ ಕೆಲಸ ಅದೇ. ಕೆಲವು ಫ್ರಿಜ್ಜುಗಳಲ್ಲಿ ಆ ಕೊಳವೆ ಪಕ್ಕದ ತಗಡಿನೊಳಗೆ ಇರುತ್ತದೆ, ಅದಕ್ಕೇ ಪಕ್ಕ ಬೆಚ್ಚಗಾಗುವುದು. ಹೊರಗೆ ಹಾಕಿದ ಬಿಸಿ ಹೋಗಲು ಜಾಗ ಬೇಡವಾ? ನಮ್ಮ ಮನೆಯಲ್ಲಿ ಮೇಲೆ ಕ್ರೋಶಾ ಬಟ್ಟೆ, ಪಕ್ಕಕ್ಕೆ ಇಳಿಬಿದ್ದ ಪ್ಲಾಸ್ಟಿಕ್ ಕವರು, ಹಿಂದೆ ಧೂಳು ಕಂಬಳಿಯ ಥರ ಕೂತಿತ್ತು. ಫ್ರಿಜ್ಜನ್ನು ಇನ್ನೊಂದು ಗೋಡೆಗೆ ಸರಿಸಿದೆವು. ಹಿಂದೆ ಒಂದು ಗೇಣು ಬಿಟ್ಟೆವು. ಕವರು ತೆಗೆದೆವು. ಪ್ಲಗ್ ಕಿತ್ತು, ಒಣ ಬ್ರಷ್‌ನಲ್ಲಿ ಜಾಲರಿ ಉಜ್ಜಿದೆ. ನಾಬ್ 4ಕ್ಕೆ ಏರಿಸಿದೆ. ಮಾರನೇ ಬೆಳಿಗ್ಗೆ 6, ಅದರ ಮಾರನೇ ದಿನ 4. ಅವ್ವನಿಗೆ ಬಿಲ್ಲಿನ ಚಿಂತೆ ಇದ್ದದ್ದು ನ್ಯಾಯವೇ. ಆದರೆ ಕರೆಂಟ್ ತಿನ್ನುತ್ತಿದ್ದದ್ದು ನಾಬ್ ಒಂದೇ ಅಲ್ಲ, ಆ ಬಿಸಿ ಗೋಡೆ ಮತ್ತು ಧೂಳು ಕೂಡ.

ಬಾಗಿಲಿನ ರಬ್ಬರನ್ನೂ ಪರೀಕ್ಷಿಸಿದೆ. ಒಂದು ನೋಟನ್ನು ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು ಬಾಗಿಲು ಹಾಕಿ ಎಳೆಯಬೇಕು. ಬಿಗಿಯಾಗಿ ಬಂದರೆ ಸರಿ. ಸುಲಭವಾಗಿ ಜಾರಿ ಬಂದರೆ ಅಲ್ಲಿಂದ ತಂಪು ಸೋರುತ್ತಿದೆ ಅಂತ. ಕೆಳಗಿನ ಮೂಲೆಯಲ್ಲಿ ಜಾರಿತು. ರಬ್ಬರ್ ಮಡಿಕೆಯಲ್ಲಿ ಹಿಟ್ಟು ಒಣಗಿ ಕೂತಿತ್ತು. ಬೆಚ್ಚನೆ ಸೋಪು ನೀರಿನಲ್ಲಿ ಒರೆಸಿದ್ದಕ್ಕೆ ಸರಿಹೋಯಿತು.

ಜರ್ಮನಿಯಲ್ಲಿ ನಾನು ಕಲಿತದ್ದು ಹೆಚ್ಚಾಗಿ ನಮ್ಮ ಕಟ್ಟಡದ ಕೆಳಮನೆಯ ಅಜ್ಜಿಯಿಂದ. ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ. ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಬೇರೆಯೇ ಒಂದು ಫ್ರೀಜರ್ ಇರುತ್ತದೆ, ಮೈನಸ್ 18 ಡಿಗ್ರಿಯದು. ಬ್ರೆಡ್ಡನ್ನೂ ಹೋಳು ಮಾಡಿ ಅದರಲ್ಲೇ ಇಡುತ್ತಾರೆ. ಆ ಅಜ್ಜಿಯ ಫ್ರೀಜರಿನಲ್ಲಿ ಪ್ರತಿ ಡಬ್ಬಿಗೂ ಒಂದು ಕಾಗದದ ಪಟ್ಟಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ಹೆಸರು, ತಾರೀಖು. ಹೊಸದು ಹಿಂದೆ, ಹಳೆಯದು ಮುಂದೆ. ಚಳಿಗಾಲದಲ್ಲಿ ಒಂದು ದಿನ ಎಲ್ಲಾ ಡಬ್ಬಿಗಳನ್ನು ಬಾಲ್ಕನಿಯ ಹಿಮದಲ್ಲಿ ಇಟ್ಟು ಫ್ರೀಜರ್ ಖಾಲಿ ಮಾಡಿ, ಮಂಜು ಕರಗಿಸಿ, ಒರೆಸಿ ಮತ್ತೆ ಜೋಡಿಸುತ್ತಾರೆ. ನೋಡಿ ನನಗೆ ಬಹಳ ಗೌರವ ಬಂತು. ನಮ್ಮಲ್ಲಿ "ಫ್ರಿಜ್ಜಿನಾಗೆ ಐತಲ್ಲ, ಏನಾಗ್ತತಿ?" ಅಂತೀವಿ. ಮೂರು ದಿನದ ಸಾರು ಯಾವುದು, ನಿನ್ನೆಯದು ಯಾವುದು ಅಂತ ಮುಚ್ಚಳ ತೆಗೆದು ಮೂಸಿ ನೋಡಬೇಕು. ಎಷ್ಟೋ ಸಲ ಮೂಸಿದರೂ ಗೊತ್ತಾಗುವುದಿಲ್ಲ. ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ವಾಸನೆ ಇರಲೇಬೇಕು ಅಂತೇನಿಲ್ಲ.

ಹಾಗಂತ ಅಲ್ಲಿನದನ್ನು ಇದ್ದ ಹಾಗೇ ಇಲ್ಲಿಗೆ ತರಲು ಆಗುವುದಿಲ್ಲ. ನಾನೇ ಆ ತಪ್ಪು ಮಾಡಿದೆ. ನನ್ನ ಅಲ್ಲಿನ ಫ್ರಿಜ್ಜಿನಲ್ಲಿ ಅತಿ ತಂಪಾದ ಜಾಗ ಕೆಳಗಿನ ಗಾಜಿನ ಅರೆ, ತರಕಾರಿ ಪೆಟ್ಟಿಗೆಯ ಮೇಲಿನದು. ಅದೇ ಗುಂಗಿನಲ್ಲಿ ಅವ್ವನ ಕೆನೆ ಡಬ್ಬಿಯನ್ನು ಕೆಳಕ್ಕೆ ಇಳಿಸಿದೆ. ನಮ್ಮ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರ್ ಮೇಲಿರುತ್ತದೆ, ಹಾಗಾಗಿ ಅದರ ಕೆಳಗಿನ ತಟ್ಟೆಯೇ ಅತಿ ತಂಪು. ಮೂರು ದಿನದಲ್ಲಿ ಕೆನೆ ಕಮಟು ಬಂತು.

ಬೆಣ್ಣೆ ದೋಸೆಯ ಊರಿನಲ್ಲಿ ಕೆನೆ ಸಣ್ಣ ವಿಷಯವಲ್ಲ. ಅವ್ವ ದಿನಾ ಹಾಲು ಕಾಯಿಸಿ, ಆರಿಸಿ, ಮೇಲಿನ ಕೆನೆಯನ್ನು ಚಮಚದಲ್ಲಿ ಮಡಚಿ ಎತ್ತಿ ಸ್ಟೀಲ್ ಡಬ್ಬಿಗೆ ಹಾಕುತ್ತಾಳೆ. ಎಂಟು ದಿನಕ್ಕೆ ಡಬ್ಬಿ ತುಂಬುತ್ತದೆ. ಆಮೇಲೆ ಹೆಪ್ಪು ಹಾಕಿ, ಮಾರನೇ ದಿನ ತಣ್ಣೀರು ಬೆರೆಸಿ ಕಡೆಯುತ್ತಾಳೆ. ಮುದ್ದೆಯಾದ ಬೆಣ್ಣೆಯನ್ನು ಅಂಗೈಯಲ್ಲಿ ತಟ್ಟಿ ತಟ್ಟಿ ನೀರು ಬಿಡಿಸುವುದನ್ನು ನೋಡುತ್ತಾ ಬೆಳೆದವನು ನಾನು. ಡಬ್ಬಿಯನ್ನು ಮೊದಲು ಬಾಗಿಲಿನಲ್ಲಿ ಇಡುತ್ತಿದ್ದಳು. ಬಾಗಿಲು ಫ್ರಿಜ್ಜಿನ ಅತಿ ಬೆಚ್ಚನೆ ಜಾಗ, ತೆಗೆದಾಗಲೆಲ್ಲ ಹೊರಗಿನ ಸೆಕೆ ಮೊದಲು ತಟ್ಟುವುದು ಅಲ್ಲಿಗೇ. ಈಗ ಕೆನೆ ಫ್ರೀಜರಿನಲ್ಲೇ ಕೂಡುತ್ತದೆ. ಹೆಪ್ಪು ಹಾಕುವ ಹಿಂದಿನ ರಾತ್ರಿ ಕೆಳಗೆ ಇಳಿಸಿದರೆ ಸಾಕು. ಬೆಣ್ಣೆಗೆ ಆ ಹಳೆ ವಾಸನೆ ಇಲ್ಲ.

ಮಂಜಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಫ್ರೀಜರಿನಲ್ಲಿ ಮಂಜು ಅರ್ಧ ಬೆರಳು ದಪ್ಪ ಆಗುವ ಮುಂಚೆಯೇ ಕರಗಿಸಿ. ಮಂಜು ತಂಪು ಕೊಡುತ್ತದೆ ಅಂತ ಅನಿಸಿದರೂ ಅದು ತಡೆಯುವುದೇ ಜಾಸ್ತಿ. ಡೀಫ್ರಾಸ್ಟ್ ಗುಂಡಿ ಒತ್ತಿ ಬಿಟ್ಟರೆ ನೀರು ಹಿಂದಿನ ಟ್ರೇಗೆ ಇಳಿಯುತ್ತದೆ. ದಯವಿಟ್ಟು ಚಾಕು ಹಾಕಬೇಡಿ. ಚಿತ್ರದುರ್ಗದ ನಮ್ಮ ಚಿಕ್ಕಮ್ಮ ಹಬ್ಬದ ಗಡಿಬಿಡಿಯಲ್ಲಿ ಚಾಕುವಿನ ತುದಿಯಿಂದ ಮಂಜು ಎಬ್ಬಿಸಿದರು. "ಸುಸ್" ಅಂತ ಶಬ್ದ ಬಂತು. ಒಳಗಿನದು ತೆಳು ಅಲ್ಯುಮಿನಿಯಂ, ತೂತಾಗಲು ಒಂದು ಕ್ಷಣ ಸಾಕು. ಅದರೊಳಗೆ ಬಿಸಿ ಎಳೆಯುವ ಅನಿಲ ಹರಿಯುತ್ತದೆ, ಈಗಿನ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ಅದು ಐಸೊಬ್ಯುಟೇನ್. ಓಜೋನ್ ಪದರಕ್ಕೆ ಹಾನಿ ಮಾಡಲ್ಲ, ಆದರೆ ಹೊತ್ತಿಕೊಳ್ಳುತ್ತದೆ. ಪುಣ್ಯಕ್ಕೆ ಒಲೆ ಆರಿತ್ತು. ಹಾಗೇನಾದರೂ ಆದರೆ ಕಿಟಕಿ ಬಾಗಿಲು ತೆರೆಯಬೇಕು, ಒಲೆ ಹಚ್ಚಬಾರದು, ಸ್ವಿಚ್ ಮುಟ್ಟಬಾರದು. ರಿಪೇರಿಗೆ ಬಂದವನು ಏನೋ ಅಂಟು ಮೆತ್ತಿ, ಅನಿಲ ತುಂಬಿ ಹೋದ. ಎರಡು ತಿಂಗಳು ಬಂತು, ಆಮೇಲೆ ಫ್ರಿಜ್ಜನ್ನೇ ಬದಲಾಯಿಸಬೇಕಾಯಿತು.

ಅಜ್ಜಿಗೆ ಚಳಿಗಾಲದ ಬಾಲ್ಕನಿ ಇದ್ದ ಹಾಗೆ ನಮಗೆ ಯುಗಾದಿ ಇದೆ. ಹೇಗೂ ಮನೆಯೆಲ್ಲ ತೊಳೆಯುತ್ತೇವೆ, ಬೇಸಿಗೆಯೂ ಆಗಲೇ ಏರುತ್ತಿರುತ್ತದೆ. ಆ ವಾರವೇ ಫ್ರಿಜ್ಜು ಖಾಲಿ ಮಾಡಿ, 1 ಲೀಟರ್ ಬೆಚ್ಚನೆ ನೀರಿಗೆ 2 ಚಮಚ ಅಡುಗೆ ಸೋಡಾ ಹಾಕಿ ಒರೆಸಿದರೆ ಎಷ್ಟು ಚೆನ್ನ.

ಕರೆಂಟ್ ಹೋಗುವ ವಿಷಯದಲ್ಲಿ ಜರ್ಮನಿಯ ಅಜ್ಜಿಗಿಂತ ನಮ್ಮ ಪಕ್ಕದ ಮನೆ ಅಕ್ಕನೇ ಜಾಣೆ. ಫ್ರೀಜರಿನ ಖಾಲಿ ಜಾಗದಲ್ಲಿ ಬಾಟಲಿಗೆ ಮುಕ್ಕಾಲು ನೀರು ತುಂಬಿ ಇಟ್ಟಿರುತ್ತಾರೆ. ಬಾಗಿಲು ಮುಚ್ಚೇ ಇದ್ದರೆ ಕೆಳಗಿನ ಭಾಗ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ಮೈನಸ್ 18ರ ಫ್ರೀಜರ್ ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ಇದ್ದರೆ 24 ಅಂತ ಲೆಕ್ಕ. ನಮ್ಮ ಸೆಕೆಗೆ, ಒಳಬಾಗಿಲಿನ ಪುಟ್ಟ ಫ್ರೀಜರಿಗೆ ಅದಕ್ಕಿಂತ ಕಮ್ಮಿ ಅಂತಲೇ ಇಟ್ಟುಕೊಳ್ಳಿ. ಅವ್ವ ಮಾತ್ರ ಕರೆಂಟ್ ಹೋದಾಗಲೆಲ್ಲ ತೆಗೆದು ತೆಗೆದು ನೋಡುತ್ತಿದ್ದಳು.

ರಾತ್ರಿ ಮಿಕ್ಕ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವುದು ನಮ್ಮ ಮನೆಯ ಪದ್ಧತಿ. ಬೇಡ ಅನ್ನಲಾರೆ, ನನಗೂ ಇಷ್ಟ. ಆದರೆ ಈ ಸೆಕೆಯಲ್ಲಿ ಅನ್ನ ಇಡೀ ರಾತ್ರಿ ಪಾತ್ರೆಯಲ್ಲೇ ಕೂತರೆ ಅದರಲ್ಲಿ ಹುಟ್ಟುವ ವಿಷ ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ. ಅಗಲ ತಟ್ಟೆಗೆ ಹರವಿ, ಬಿಸಿ ಆರುತ್ತಿದ್ದಂತೆ ಒಂದು ಗಂಟೆಯೊಳಗೆ ಒಳಗಿಡಿ. ದೋಸೆ ಹಿಟ್ಟೂ ಅಷ್ಟೇ. ಅಲ್ಲಿ ಚಳಿಗಾಲದಲ್ಲಿ ಹುಳಿ ಬರಲಿ ಅಂತ ಓವನ್ನಿನೊಳಗೆ ದೀಪ ಹಚ್ಚಿ ಕಾಯುತ್ತೇನೆ. ಇಲ್ಲಿ ಸಂಜೆ ರುಬ್ಬಿದ್ದು ನಡುರಾತ್ರಿಗೇ ಉಕ್ಕುತ್ತದೆ.

ಏನನ್ನು ಒಳಗೆ ಇಡಬಾರದು ಅನ್ನುವುದು ಮಾತ್ರ ಅವ್ವನಿಗೆ ನನಗಿಂತ ಚೆನ್ನಾಗಿ ಗೊತ್ತು. ಈರುಳ್ಳಿ, ಆಲೂಗಡ್ಡೆ, ಬಾಳೆಹಣ್ಣು ಹೊರಗೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಡಬ್ಬಿಯಲ್ಲಿ. ಕುಡಿಯುವ ನೀರು ಮಡಕೆಯಲ್ಲಿ. ಇದರಿಂದ ಬಾಗಿಲು ತೆಗೆಯುವುದು ಎಷ್ಟು ಕಮ್ಮಿಯಾಗುತ್ತದೆ ಅಂದರೆ, ನಾನು ಹೇಳಿದ ಉಪಾಯಗಳಿಗಿಂತ ಆ ಮಡಕೆಯೇ ಫ್ರಿಜ್ಜಿಗೆ ಜಾಸ್ತಿ ಉಪಕಾರ ಮಾಡುತ್ತಿದೆ. ಬೆಳಿಗ್ಗೆ ಬಾಗಿಲಿಗೇ ಸೊಪ್ಪಿನ ಗಾಡಿ ಬರುವ ಊರಿನಲ್ಲಿ ವಾರದ ಸೊಪ್ಪು ತುಂಬಿಡುವ ಅಗತ್ಯವೂ ಇಲ್ಲ.

ಜೂನ್ ಕೊನೆಗೆ ಅವ್ವ ಫೋನ್ ಮಾಡಿದ್ದಳು. "ಮಳೆ ಹಿಡೀತು. ನಿನ್ನ ಮುಳ್ಳು 2ಕ್ಕೆ ಇಳಿದಿತ್ತು, ನಾಬ್ 3ಕ್ಕೆ ತಂದೀನಿ. ಈಗ 4 ಐತಿ" ಅಂದಳು. ಆಮೇಲೆ ಸಾರಿನ ಡಬ್ಬಿಗಳ ಮೇಲೆ ಅಂಟಿಸಲು ಆ ಕಾಗದದ ಪಟ್ಟಿ ಮುಗಿದಿದೆ, ಬರುವಾಗ ಇನ್ನೊಂದು ಸುರುಳಿ ತಾ ಅಂದಳು.